ಬಿಸಿನೀರ ಹೊಂಡದಲ್ಲಿ ಕೇಳಿದ ಹೆಸರು

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. "ನಂಬುತ್ತಿರಲಿಲ್ಲ" ಎಂದು ಬರೆಯಬೇಕೋ "ನಂಬುವುದಿಲ್ಲ" ಎಂದು ಬರೆಯಬೇಕೋ ಎಂದು ಯೋಚಿಸುತ್ತ ಕೂತು ಇವತ್ತು ಹೊಲಿಯಬೇಕಾದ ಬ್ಲೌಸುಗಳನ್ನೂ ಹೊಲಿಯಲಿಲ್ಲ. ಗಂಗಾವತಿಗೆ ಹತ್ತಿರದ ಮರಳಿಯಲ್ಲಿ ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಅಳತೆ ಕೊಡಲು ಬಂದ ಹೆಂಗಸರು, ನಾನು ತೋಳಿಗೆ ಟೇಪು ಸುತ್ತುವಷ್ಟರಲ್ಲಿ ಊರಿನ ದೆವ್ವಗಳ ಸುದ್ದಿಯನ್ನೆಲ್ಲ ಒಪ್ಪಿಸಿಬಿಡುತ್ತಾರೆ. ಕಾಲುವೆಯ ದಂಡೆಯಲ್ಲಿ ಬಿಳಿ ಸೀರೆ ಕಂಡಿತಂತೆ, ಯಾರದೋ ಸೊಸೆಗೆ ಗಾಳಿ ಬಡಿಯಿತಂತೆ. "ಗಾಳಿ ಅಲ್ಲವಾ, ಜ್ವರ. ಗುಳಿಗಿ ನುಂಗಸ್ರಿ" ಎನ್ನುವುದು ನನ್ನ ಖಾಯಂ ಉತ್ತರ. ಹಾಗೆ ಅಂದಿದ್ದಕ್ಕೆ ಮುನಿಸಿಕೊಂಡು ಬೇರೆ ಟೇಲರ್ ಹತ್ತಿರ ಹೋದವರೂ ಇದ್ದಾರೆ. ಹೋಗಲಿ ಬಿಡಿ, ಅವರ ತೋಳು ಬಿಗಿಯಾದಾಗ ಮತ್ತೆ ಬಂದಿದ್ದಾರೆ.

ಹೀಗಿದ್ದವಳು ಈಗ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಮೊದಲು ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಆಗಲೂ ಇತ್ತು, ಈಗಲೂ ಇದೆ. ಬದುಕಿರುವ ಯಾರ ಮೇಲೂ ಅಲ್ಲ. ಸತ್ತುಹೋದ ಒಬ್ಬ ಹೆಣ್ಣುಮಗಳ ಮೇಲೆ, ಬದುಕಿದ್ದಾಗ ನಾನು ಒಮ್ಮೆಯೂ ನೋಡದವಳ ಮೇಲೆ.

ಯಲಬುರ್ಗಾ ಕಡೆಯ ಮಂಗಳೂರು ನನ್ನ ತವರು. ಸಮುದ್ರದ ಮಂಗಳೂರಲ್ಲ, ನಮ್ಮ ಎರೆಹೊಲದ ಮಂಗಳೂರು. ಮದುವೆ ತಡವಾಯಿತು. ತಡವಾದದ್ದಕ್ಕೆ ಎರಡನೆಯ ಸಂಬಂಧ ಬಂತು. ಹುಡುಗನಿಗೆ ಗಂಗಾವತಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ, ಮಕ್ಕಳಿಲ್ಲ, ಮೊದಲಿನವಳು ಜ್ವರ ಬಂದು ತೀರಿಕೊಂಡು ಎರಡು ವರ್ಷ ಆಗಿದೆ, ಮನೆಯಲ್ಲಿ ತಾಯಿ ಒಬ್ಬಳೇ ಎಂದರು. ಮನುಷ್ಯ ಒಳ್ಳೆಯವನು ಎಂದರು. ಅದೇನೂ ಸುಳ್ಳಲ್ಲ. ಆದರೆ ಮದುವೆಗೆ ನನ್ನ ಬ್ಲೌಸು ಬಂದಾಗ ತೋಳು ಬಿಗಿ, ಬೆನ್ನು ಸಡಿಲ. ನಾನು ಕಸುಬಿನವಳು, ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು. ಅತ್ತೆಯವರು ಅಳತೆಗೆ ಕೊಟ್ಟದ್ದು ಮೊದಲಿನವಳ ಬ್ಲೌಸು.

ಅವಳ ಹೆಸರು ಶಾಂತಾ. ನಮ್ಮ ಕಡೆ ಹೊಸ ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ಹೆಸರು ಹೇಳಿಸುತ್ತಾರೆ. ಗಂಡನ ಹೆಸರು ಹೆಂಡತಿ, ಹೆಂಡತಿಯ ಹೆಸರು ಗಂಡ. ಬರೀ ಹೆಸರು ಹೇಳುವ ಹಾಗಿಲ್ಲ, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ನಾನು ವಾರದಿಂದ ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಹೇಳಿದೆ. ಅವರ ಸರದಿ ಬಂತು. ಅವರಿಗೆ ಒಡಪು ಮರೆತುಹೋಯಿತು. "ಹೆಸರಾದ್ರೂ ಹೇಳೋ ಮಾರಾಯಾ, ಕಾಲು ನೋಯ್ತಾವು" ಎಂದು ಯಾರೋ ಹಿಂದಿನಿಂದ ಕೂಗಿದರು. ಗಾಬರಿಯಲ್ಲಿ ಅವರು "ಶಾಂತಾ" ಎಂದುಬಿಟ್ಟರು.

ಮೊದಲು ನಗು ಎದ್ದಿತು. ಆಮೇಲೆ ನಕ್ಕವರೇ ಕೆಟ್ಟದೆನಿಸಿ ಮುಖ ತಿರುಗಿಸಿದರು. ಅತ್ತೆಯವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬಂದೆ, ಬೇಕಾದದ್ದಕ್ಕಿಂತ ಜೋರಾಗಿಯೇ ಒದ್ದೆ. ಅಂದಿನಿಂದ ಆ ಮನುಷ್ಯ ಅವಳ ಹೆಸರನ್ನೂ ಎತ್ತಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ಮತ್ತೆ ತಪ್ಪಿದರೆ ಎಂಬ ಭಯ ಇದ್ದಿರಬೇಕು.

ಹಾಗಾದರೆ ನನ್ನನ್ನು ಏನೆಂದು ಕರೆಯುತ್ತಿದ್ದರು? ಸಣ್ಣಾಕಿ. ಅವಳು ದೊಡ್ಡಾಕಿ, ನಾನು ಸಣ್ಣಾಕಿ. ಮನೆಯಲ್ಲಿ ಇದ್ದ ಸೊಸೆ ನಾನೊಬ್ಬಳೇ, ಆದರೂ ನಾನು ಸಣ್ಣಾಕಿ. ಅತ್ತೆಯವರು ಹಾಗೆ ಕರೆದರು, ಅವರು ಕರೆದಂತೆ ಗಂಡನೂ ಕರೆದರು, ಅದನ್ನು ಕೇಳಿ ಹಾಲು ಹಾಕುವವನೂ "ಸಣ್ಣಕ್ಕಾರ" ಎಂದ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಇನ್ನೊಂದನ್ನು ಹೇಳಬೇಕು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಎರಡನೆಯ ಹೆಂಡತಿ ತನ್ನ ತಾಳಿಯ ಜೊತೆಗೆ ಮೊದಲಿನವಳ ಹೆಸರಿನ ಒಂದು ಬೆಳ್ಳಿಯ ತಗಡು ಹಾಕಿಕೊಳ್ಳುವ ಪದ್ಧತಿ ಇದೆ. ಹೆಬ್ಬೆರಳಿನ ಉಗುರಿನಷ್ಟು ಇರುತ್ತದೆ, ಅದರ ಮೇಲೆ ಕೈ ಜೋಡಿಸಿ ನಿಂತ ಹೆಣ್ಣಿನ ಆಕಾರ. ನಮ್ಮ ಮನೆಯಲ್ಲಿ ಆ ತಗಡಿಗೂ ದೊಡ್ಡಾಕಿ ಎಂದೇ ಹೆಸರು. ಹಬ್ಬದಲ್ಲಿ ಮೊದಲ ಎಡೆ ಅವಳಿಗೆ. ಹೊಸ ಸೀರೆ ತಂದರೆ ಮೊದಲು ದೇವರ ಜಗಲಿಯ ಮೇಲಿಟ್ಟು, ಅದರ ಮೇಲೆ ಆ ತಗಡನ್ನಿಟ್ಟು, ಕುಂಕುಮ ಹಚ್ಚಿ ಅವಳಿಗೆ ಉಡಿಸಿದ ಹಾಗೆ ಮಾಡಿ, ಆಮೇಲೆ ನಾನು ಉಡಬೇಕು. ಆ ಮನೆಗೆ ಬಂದ ಮೇಲೆ ನಾನು ಒಂದೇ ಒಂದು ಹೊಸ ಸೀರೆ ಉಟ್ಟಿಲ್ಲ. ಎಲ್ಲವೂ ಅವಳು ಉಟ್ಟುಬಿಟ್ಟದ್ದೇ.

ಬದುಕಿರುವ ಸವತಿಯಾದರೆ ಜಗಳ ಆಡಬಹುದು. ಅವಳ ರೊಟ್ಟಿ ಸೀದರೆ ಒಳಗೊಳಗೆ ಖುಷಿಪಡಬಹುದು. ಸತ್ತವಳ ರೊಟ್ಟಿ ಸೀಯುವುದೇ ಇಲ್ಲ. ಅವಳಿಗೆ ವಯಸ್ಸೂ ಆಗುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಅತ್ತೆಯವರು ಏನೂ ಅನ್ನುತ್ತಿರಲಿಲ್ಲ, ನನ್ನ ಕೊರಳಿನ ತಗಡಿನ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕಿಂತ ಎರಡು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಛಳಿಗಾಲದಲ್ಲಿ ಅತ್ತೆಯವರ ಮೊಣಕಾಲು ನೋವು ವಿಪರೀತವಾಯಿತು. ಹುಲಿಗೆಮ್ಮನ ಗುಡಿಯ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಕೈಮುಗಿದು ಬಂದರು. ನಮ್ಮ ಓಣಿಯ ಖಾದರಸಾಬ ತನ್ನ ಕ್ರೂಸರ್ ಗಾಡಿಯಲ್ಲಿ ಜನರನ್ನು ದೂರದೂರಿಗೆ ಕರೆದೊಯ್ಯುತ್ತಾನೆ. ಅವನು ಬಂದು ಕೊಂಕಣದ ಬಿಸಿನೀರಿನ ಬುಗ್ಗೆಗಳ ಸುದ್ದಿ ತೆಗೆದ. ಘಟ್ಟ ಇಳಿದು ಒಳಗೆ ಹೋದರೆ ಒಂದು ಸಣ್ಣ ಊರು, ಅಲ್ಲಿ ಕಲ್ಲಿನೊಳಗಿಂದ ಕುದಿಯುವ ನೀರು ತಾನಾಗಿ ಬರುತ್ತದೆ, ಕಾಲು ಇಳಿಬಿಟ್ಟು ಕೂತವರು ಎದ್ದು ನಡೆದಿದ್ದಾರೆ ಎಂದ. ನನಗೆ ಎದ್ದು ನಡೆಯುವ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಬಿಸಿನೀರಿನ ಶಾಖದಿಂದ ನೋವು ಕಡಿಮೆಯಾಗಬಹುದು ಎನಿಸಿತು. ಅದೂ ಅಲ್ಲದೆ, ಮದುವೆಯಾದ ಮೇಲೆ ನಾನೂ ಗಂಡನೂ ಎಲ್ಲಿಗೂ ಹೋಗಿರಲಿಲ್ಲ. ಹೋಗೋಣ ಎಂದು ಹಟ ಹಿಡಿದು ಅಂಗಡಿಗೆ ಬೀಗ ಹಾಕಿಸಿದವಳು ನಾನು, ಅತ್ತೆಯವರಿಗೆ ಗಾಡಿಯಲ್ಲಿ ಹಾಸಿಗೆ ಹೊಂದಿಸಿದವಳು ನಾನು, ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡವಳು ನಾನು.

ಗಾಡಿ ಹೊರಟು ಕುಷ್ಟಗಿ ದಾಟುತ್ತಲೇ ಅತ್ತೆಯವರು ನಿಟ್ಟುಸಿರು ಬಿಟ್ಟು, "ದೊಡ್ಡಾಕಿ ಭಾಳ ಸಲ ಅಂದಿದ್ಳು. ಬಿಸಿನೀರಿಗೆ ಹೋಗಿ ಬರೂಣು ನಡೀರಿ ಅತ್ತಿ ಅಂತ. ಅಕಿ ಇದ್ದಿದ್ರ ಎಂದೋ ಕರಕೊಂಡು ಹೋಗ್ತಿದ್ಳು" ಎಂದರು.

ನನಗೆ ಮೈಯೆಲ್ಲ ಉರಿಯಿತು. ಆ ಪ್ರಯಾಣವೂ ಅವಳದಾಯಿತು. ಅವರು ಮುಂದಿನ ಸೀಟಿನಲ್ಲಿ ಕೂತಿದ್ದರು, ತಾಯಿಯ ಮಾತು ಕೇಳಿಸಿತೋ ಇಲ್ಲವೋ, ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ನಿದ್ದೆ ಮಾಡಿದ ಹಾಗೆ ಕಣ್ಣು ಮುಚ್ಚಿಕೊಂಡೆ. ಕೊರಳಲ್ಲಿ ಆ ತಗಡು ಗಾಡಿ ಕುಲುಕಿದಾಗಲೆಲ್ಲ ತಾಳಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಮುಟ್ಟಿದೆವು. ನಮ್ಮ ಗಂಗಾವತಿ ಕಡೆ ಗುಡ್ಡ ಎಂದರೆ ಒಂದರ ಮೇಲೊಂದು ಕೂತ ಗುಂಡುಗಲ್ಲು. ಇಲ್ಲಿಯ ಕಲ್ಲು ಬೇರೆ. ಕಪ್ಪಗೆ, ಸಣ್ಣ ಸಣ್ಣ ತೂತು ಬಿದ್ದು, ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಆ ನೆಲವೆಲ್ಲ ಒಂದು ಕಾಲಕ್ಕೆ ಬೆಂಕಿಯಾಗಿ ಹರಿದು ಆರಿದ್ದು ಎಂದು ಸಾಲೆಯಲ್ಲಿ ಓದಿದ್ದು ನೆನಪಾಯಿತು. ಆರಿದೆ ಎಂದು ಪುಸ್ತಕದಲ್ಲಿತ್ತು, ಆದರೆ ಕಲ್ಲಿನ ಸಂದಿಗಳಿಂದ ಉಗಿ ಏಳುತ್ತಿತ್ತು. ಗಾಳಿಯಲ್ಲಿ ಕಡ್ಡಿ ಗೀರಿದ ವಾಸನೆ. ಸುತ್ತ ಮನೆಗಳು ಕಡಿಮೆ. ದಾರಿಯ ಮೇಲೆ ಒಂದು ಚಹಾದ ಗುಡಿಸಲು, ಕೆಳಗೆ ಹೆಂಗಸರಿಗೊಂದು ಗಂಡಸರಿಗೊಂದು ಗೋಡೆ ಕಟ್ಟಿದ ಹೊಂಡ, ಅವುಗಳಿಂದ ಇನ್ನೂ ಕೆಳಗೆ ಹಳ್ಳದ ಪಕ್ಕದಲ್ಲಿ ಒಂದು ಸಣ್ಣ ಹೊಂಡ. ಅಲ್ಲಿ ಗಂಡ ಹೆಂಡತಿ, ಮನೆಮಂದಿ ಒಟ್ಟಿಗೆ ಇಳಿಯಬಹುದು ಎಂದು ಖಾದರಸಾಬ ಹೇಳಿದ.

ಗಾಡಿ ನಿಲ್ಲಿಸಿ ಅವನು ಇನ್ನೊಂದು ಮಾತು ಹೇಳಿದ. "ಅಕ್ಕಾರ, ಮೈಮ್ಯಾಲೆ ಬೆಳ್ಳಿ ಇದ್ರ ತಗದಿಡ್ರಿ. ಇದು ಗಂಧಕದ ನೀರು, ಬೆಳ್ಳಿ ಕರ್ರಗ ಮಾಡತೈತಿ. ಬಂಗಾರಕ್ಕೇನೂ ಆಗೂದಿಲ್ಲ."

ನನ್ನ ಕಿವಿ ನೆಟ್ಟಗಾಯಿತು. ಕಾಲುಂಗುರ ಬೆಳ್ಳಿಯದು, ಆದರೆ ಮುತ್ತೈದೆ ಕಾಲುಂಗುರ ತೆಗೆಯುವಂತಿಲ್ಲ. ತಾಳಿ ಬಂಗಾರದ್ದು. ಉಳಿದದ್ದು ದೊಡ್ಡಾಕಿ. ನಾನು ಅತ್ತೆಯವರ ಕಡೆ ತಿರುಗಿ, ಸಕ್ಕರೆಯಂಥ ದನಿಯಲ್ಲಿ, "ದೊಡ್ಡಾಕಿ ಕರ್ರಗಾದ್ರ ನಡೀತೈತೇನ್ರಿ ಅತ್ತಿ?" ಎಂದೆ. ಅವರು ಸ್ವಲ್ಪ ಹೊತ್ತು ಒದ್ದಾಡಿದರು. ಕೊರಳಿಂದ ಅದನ್ನು ಬಿಚ್ಚಬಾರದು, ಆದರೆ ಅವಳು ಕಪ್ಪಾಗುವುದನ್ನೂ ನೋಡಲಾರರು. ಕೊನೆಗೆ "ಜ್ವಾಕಿ, ಕಳದೀ ಮತ್ತ" ಎಂದರು. ನಾನು ದಾರದಿಂದ ತಗಡು ಬಿಡಿಸಿ, ಕರ್ಚೀಫಿನಲ್ಲಿ ಸುತ್ತಿ ಗಂಟು ಹಾಕಿ, ಗಾಡಿಯ ಮುಂದಿನ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಖಾದರಸಾಬ ಬಾಗಿಲಿಗೆ ಬೀಗ ಹಾಕಿ ಚಾವಿ ಕಿಸೆಗೆ ಹಾಕಿಕೊಂಡು ಚಹಾದ ಗುಡಿಸಲಿಗೆ ಹೋದ.

ಕೊರಳು ಹಗುರಾಯಿತು ಎಂದರೆ ನೀವು ನಗುತ್ತೀರಿ, ಅದು ಉಗುರಿನಷ್ಟು ಬೆಳ್ಳಿ. ಆದರೂ ಹಗುರಾಯಿತು. ನನಗೆ ಒಂದಿಷ್ಟೂ ಅಳುಕು ಆಗಲಿಲ್ಲ. ಇವತ್ತು ಅಂಥದೇ ಅವಕಾಶ ಸಿಕ್ಕರೂ ಹಾಗೆಯೇ ಮಾಡುತ್ತೇನೆ.

ಹೆಂಗಸರ ಹೊಂಡದಲ್ಲಿ ಅತ್ತೆಯವರನ್ನು ಮೆಟ್ಟಿಲಿನ ಮೇಲೆ ಕೂರಿಸಿ, ಕಾಲು ನೀರಿಗೆ ಇಳಿಬಿಡಿಸಿ, ಪಕ್ಕದಲ್ಲಿದ್ದ ಒಬ್ಬ ಹೆಂಗಸಿಗೆ ಕೈಸನ್ನೆಯಲ್ಲಿ ನೋಡಿಕೊಳ್ಳಲು ಹೇಳಿ, ನಾನು ಕೆಳಗಿನ ಸಣ್ಣ ಹೊಂಡಕ್ಕೆ ಹೋದೆ. ನಮ್ಮವರು ಆಗಲೇ ಅಲ್ಲಿದ್ದರು. ಹೆಬ್ಬೆರಳಿನ ತುದಿ ಅದ್ದುವುದು, ಹಾ ಎಂದು ಹಿಂದೆ ಸರಿಯುವುದು, ಮತ್ತೆ ಅದ್ದುವುದು ನಡೆದಿತ್ತು. ದಿನವಿಡೀ ಸುಟ್ಟ ಮೋಟಾರು ಬಿಚ್ಚುವ ಮನುಷ್ಯನಿಗೆ ಬಿಸಿನೀರಿನ ಭಯ. ನಾನು ಸೀರೆ ಬಿಗಿದುಕೊಂಡು ಸೀದಾ ಇಳಿದೆ. ಮೊದಲು ಚರ್ಮ ಸುಲಿದ ಹಾಗಾಯಿತು, ಆಮೇಲೆ ಹಿತವಾಯಿತು. ಅವರೂ ಮೆಲ್ಲಗೆ ಇಳಿದರು. ಕಾಲ ಕೆಳಗಿನ ಕಲ್ಲಿನಿಂದ ಗುಳ್ಳೆಗಳು ಎದ್ದು ಬಂದು ಬೆರಳುಗಳ ನಡುವೆ ಒಡೆಯುತ್ತಿದ್ದವು. ಉಗಿ ಎಷ್ಟು ದಟ್ಟವಾಗಿತ್ತೆಂದರೆ ಒಂದು ಮಾರು ದೂರದ ಗೋಡೆಯೂ ಕಾಣುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ಹೊಂಡಕ್ಕೆ ಬೇರೆ ಯಾರೂ ಬಂದಿರಲಿಲ್ಲ.

ನಾವಿಬ್ಬರೇ. ಮದುವೆಯಾದಾಗಿನಿಂದ ಮೊದಲ ಸಲ ನಾವಿಬ್ಬರೇ ಎನಿಸಿತು ನನಗೆ. ಕೊರಳಲ್ಲಿ ಅವಳಿಲ್ಲ, ಪಡಸಾಲೆಯ ಗೋಡೆಯಲ್ಲಿ ಅವಳ ಫೋಟೋ ಇಲ್ಲ, ಅತ್ತೆಯವರ ಕಣ್ಣಿಲ್ಲ. ನನಗೆ ಧೈರ್ಯ ಬಂತು. ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಾಗ ಕಟ್ಟಿದ್ದ ಒಡಪನ್ನು ಹೇಳಿದೆ:

"ಬಿಸಿನೀರ ಹೊಂಡದಾಗ ಉಗಿ ಎದ್ದೈತಿ ಮೋಡದಂಗ,
ಮಾಂತೇಶರ ಹೆಸರ ಹೇಳತೀನಿ ಮೂರನೇದವರು ಕೇಳದಂಗ."

ಅವರು ನಕ್ಕರು. "ಇದೇನ ಹುಚ್ಚಾಟ?" ಎಂದರು.

"ಹುಚ್ಚಾಟ ಅಲ್ರಿ. ಹೊಸ್ತಲದಾಗ ಒಂದು ಬಾಕಿ ಉಳದೈತಿ. ನೀವು ಹೇಳ್ರಿ ಈಗ. ಒಡಪು ಬ್ಯಾಡ, ಬರೇ ಹೆಸರು ಹೇಳ್ರಿ ಸಾಕು. ಇಲ್ಲಿ ಯಾರೂ ಇಲ್ಲ."

ಅವರ ನಗು ನಿಂತಿತು. ನೀರು ನೋಡಿದರು. ನಾನು ಕಾದೆ. ಅವರ ತುಟಿ ಅಲುಗಾಡತೊಡಗಿತು. ಈಗಲೂ ಅವಳ ಹೆಸರೇ ಬಂದರೆ? ಹೊಸ್ತಿಲಲ್ಲಿ ಆದರೆ ಗಾಬರಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಇಲ್ಲಿ ಏನೆಂದು ಮಾಡಿಕೊಳ್ಳಲಿ? ಆ ತುಟಿಗಳನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ಮೂಗು ಹಿಡಿದು ನೀರಿನಲ್ಲಿ ಮುಳುಗಿಬಿಟ್ಟೆ.

ನೀರೊಳಗೆ ನನ್ನ ಹೆಸರು ಕೇಳಿಸಿತು.

ಒಂದೇ ಸಲ. ಜೋರಾಗಿ ಅಲ್ಲ. ಒಲೆಯ ಮುಂದೆ ಕೂತವರು ಹಿತ್ತಲಿನಲ್ಲಿರುವವರನ್ನು ಒಳಗೆ ಬಾ ಎಂದು ಕರೆಯುವಾಗ ಹೇಗೆ ಕರೆಯುತ್ತಾರೋ ಹಾಗೆ, ಸಲಿಗೆಯಿಂದ. ಕಿವಿಯ ಪಕ್ಕದಲ್ಲೇ. ಪೂರ್ತಿ ಹೆಸರು, ಒಂದಕ್ಷರ ಬಿಡದೆ.

ನಾನು ಮೇಲೆದ್ದೆ. ಅವರು ಇದ್ದಲ್ಲಿಯೇ ನಿಂತಿದ್ದರು, ಬಾಯಿ ಅರ್ಧ ತೆರೆದಿತ್ತು. ನಾನು ಇನ್ನೇನು ಕೇಳಲಿ? ಅವರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಕಕ್ಕಾಬಿಕ್ಕಿಯಾಗಿ ನನ್ನ ತಲೆ ಸವರಿದರು. ಹೇಳಿದ್ದಕ್ಕೆ ನಾಚಿಕೆಯಾಗಿದೆ ಎಂದುಕೊಂಡೆ. ಹೆಚ್ಚು ಮಾತಾಡಿ ಕೆಡಿಸುವುದು ಬೇಡವೆಂದು ನಾನೂ ಏನೂ ಅನ್ನಲಿಲ್ಲ.

ಆ ಮೇಲಿನ ಒಂದು ತಾಸು ನನ್ನ ಸಂಸಾರದ ಅತ್ಯಂತ ಸುಖದ ತಾಸು. ಬಟ್ಟೆ ಬದಲಾಯಿಸಿ, ಅತ್ತೆಯವರ ಕಾಲು ಒರೆಸಿ, ಚಹಾದ ಗುಡಿಸಲಿನಲ್ಲಿ ಕೂತು ಬಿಸಿಬಿಸಿ ಪೋಹೆ ತಿಂದೆವು. ನನ್ನ ಕಾಲುಂಗುರಗಳು ಹಂಚಿನ ಮಸಿಯಂತೆ ಕಪ್ಪಾಗಿದ್ದವು. ಖಾದರಸಾಬ ಅದನ್ನು ನೋಡಿ "ನಾ ಹೇಳಲಿಲ್ಲೇನ್ರಿ?" ಎಂದು ನಕ್ಕ. ನಾನೂ ನಕ್ಕೆ. ಅತ್ತೆಯವರ ಮೇಲೂ ಪ್ರೀತಿ ಬಂತು. ನಿಜ ಹೇಳಬೇಕೆಂದರೆ ದೊಡ್ಡಾಕಿಯ ಬಗ್ಗೆಯೂ ಒಂದಿಷ್ಟು ಪಾಪ ಎನಿಸಿತು. ಗೆದ್ದವರಿಗೆ ಬರುವ ಕರುಣೆ ಅದು, ನನಗೆ ಗೊತ್ತು. ಡಬ್ಬಿಯಲ್ಲಿ ಒಬ್ಬಳೇ ಇದ್ದಾಳೆ, ಕೊರಳಿಗೆ ಹಾಕಿಕೊಳ್ಳೋಣ ಎಂದು ನಾನಾಗಿಯೇ ಎದ್ದೆ.

ಖಾದರಸಾಬ ಕಿಸೆಯಿಂದ ಚಾವಿ ತೆಗೆದು ಬೀಗ ತೆರೆದ. ನಾನು ಮುಂದಿನ ಡಬ್ಬಿ ತೆಗೆದು ಕರ್ಚೀಫಿಗೆ ಕೈ ಹಾಕಿದೆ. ಕರ್ಚೀಫು ಒದ್ದೆಯಾಗಿತ್ತು.

ಒದ್ದೆಯಷ್ಟೇ ಅಲ್ಲ, ಬೆಚ್ಚಗಿತ್ತು. ಹಿಂಡಿ ಒಣಗಹಾಕಲು ಮರೆತ ಬಟ್ಟೆಯ ಹಾಗೆ ನೀರು ತುಂಬಿಕೊಂಡಿತ್ತು. ಗಂಟು ನಾನು ಹಾಕಿದ ಗಂಟೇ. ಹೊಲಿಗೆಯವಳ ಗಂಟು, ತುದಿ ಒಳಗೆ ಸಿಕ್ಕಿಸಿ ಹಾಕುತ್ತೇನೆ, ಬೇರೆಯವರಿಗೆ ಬರುವುದಿಲ್ಲ. ಬಿಚ್ಚಿದರೆ ಗಂಧಕದ ವಾಸನೆ ಮುಖಕ್ಕೆ ಹೊಡೆಯಿತು. ತಗಡು ನನ್ನ ಕಾಲುಂಗುರಗಳಷ್ಟೇ ಕಪ್ಪಾಗಿತ್ತು.

ಡಬ್ಬಿಯ ಉಳಿದ ಸಾಮಾನು ಒಣಗಿಯೇ ಇತ್ತು. ಖಾದರಸಾಬನ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ, ಗಾಡಿಯ ಕಾಗದ, ಎಲ್ಲ ಗರಿಗರಿಯಾಗಿದ್ದವು. ಅವನ ಮೇಲೆ ನನಗೆ ಸಿಟ್ಟು ಬಂತು. ಹುಡುಗಾಟಿಕೆ ಮಾಡಿದೆಯಾ ಎಂದು ಕೇಳಿಯೂಬಿಟ್ಟೆ. ಪಾಪ, ಅವನ ಮುಖ ಬಿಳಿಚಿಕೊಂಡಿತು. "ಖುದಾ ಕಸಮ್ ಅಕ್ಕಾರ, ಚಾವಿ ನನ್ನ ಕಿಸೇದಾಗ ಇತ್ತು. ನಾ ಚಾ ಕುಡಕೋಂತ ಅಲ್ಲೇ ಕುಂತೀನಿ. ಬೇಕಾದ್ರ ಆ ಚಾದಾಕಿನ್ನ ಕೇಳ್ರಿ" ಎಂದ. ಕೇಳುವ ಅಗತ್ಯವೇ ಇರಲಿಲ್ಲ. ಅವನು ನೀರಿನ ಹತ್ತಿರ ಬಂದೇ ಇರಲಿಲ್ಲ, ಅವನ ಚಪ್ಪಲಿಯೂ ಒಣಗಿತ್ತು.

ಅಷ್ಟರಲ್ಲಿ ಅತ್ತೆಯವರು ಮಗನ ಭುಜ ಹಿಡಿದು ನಿಧಾನವಾಗಿ ಬಂದರು. ನನ್ನ ಅಂಗೈ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಆ ಕಪ್ಪು ತಗಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು.

"ಬಿಸಿ ಐತಿ ಇನ್ನಾ" ಎಂದರು. ಆಮೇಲೆ, "ಬರತೀನಿ ಅಂದಿದ್ಳು. ಬಂದು ಮಿಂದಾಳ ನೋಡು" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರು ಕಣ್ಣು ಮುಚ್ಚಿ ನಿಂತಿದ್ದಾಗ ನಮ್ಮವರೂ ಕೈ ಚಾಚಿ ಒಂದು ಬೆರಳಿನಿಂದ ತಗಡನ್ನು ಮುಟ್ಟಿ ನೋಡಿದರು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಬೀಗದೊಳಗೆ ಇಟ್ಟರೂ ಇವಳು ಇರುವುದಿಲ್ಲವಲ್ಲ! ನಮ್ಮಿಬ್ಬರದೇ ಆದ ಒಂದು ಗಳಿಗೆಯನ್ನೂ ನನಗೆ ಬಿಡಲಿಲ್ಲವಲ್ಲ!

ಆದರೂ ನನ್ನ ಹತ್ತಿರ ಒಂದು ಉಳಿದಿತ್ತು. ಅವಳು ಬಂದಿರಲಿ, ಮಿಂದಿರಲಿ, ಗಂಡನ ಬಾಯಿಂದ ಬಂದದ್ದು ನನ್ನ ಹೆಸರು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ವಾಪಸು ಬರುವಾಗ ಘಟ್ಟದ ಮೇಲೆ ಗಾಡಿ ನಿಂತಿತು. ಅತ್ತೆಯವರು ನಿದ್ದೆಯಲ್ಲಿದ್ದರು. ನಾನು ನಮ್ಮವರ ಪಕ್ಕಕ್ಕೆ ಹೋಗಿ ನಿಂತು, ಆ ಸುಖವನ್ನು ಇನ್ನೊಂದು ಸಲ ಅನುಭವಿಸುವ ಆಸೆಯಿಂದ, "ನೀರಾಗ ನನ್ನ ಹೆಸರು ಎಷ್ಟು ಚಂದ ಕರದ್ರಿ. ಇನ್ನೊಮ್ಮೆ ಕರೀರಿ" ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಾ ಎಲ್ಲಿ ಕರದೆ? ಬಾಯಿ ತಗೀಬೇಕಂತ ಮಾಡಿದ್ದೆ, ಅಷ್ಟರಾಗ ನೀ ಮುಣಗಿದಿ. ಎದ್ದು ಅಳಾಕ ಹತ್ತಿದಿ. ನೀರು ಭಾಳ ಸುಡ್ತು ಅಂತ ತಿಳದ್ನಿ ನಾ."

ಚೇಷ್ಟೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಚೇಷ್ಟೆಯಲ್ಲ. ಸುಳ್ಳು ಹೇಳಲು ಬರುವ ಮನುಷ್ಯನಲ್ಲ ಅವರು. ಬರುತ್ತಿದ್ದರೆ ಆ ದಿನ ಹೊಸ್ತಿಲಲ್ಲೇ ಒಂದು ಸುಳ್ಳು ಹೇಳಿ ನನ್ನ ಹೆಸರು ಕೂಗಿರುತ್ತಿದ್ದರು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ಗಂಗಾವತಿಯಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಹೋಗಿ ಕೇಳಿದೆ. ಗಂಧಕದ ಗಾಳಿ ತಾಗಿದರೂ ಬೆಳ್ಳಿ ಕಪ್ಪಾಗುತ್ತದೆ, ನೀರೇ ಬೇಕಿಲ್ಲ ಎಂದರು. ಇರಬಹುದು. ಆದರೆ ಬೀಗ ಹಾಕಿದ ಗಾಡಿ, ಮುಚ್ಚಿದ ಡಬ್ಬಿ, ಸುತ್ತಿದ ಬಟ್ಟೆ, ಅಷ್ಟೆಲ್ಲ ದಾಟಿ ಗಾಳಿ ಹೋಯಿತೆಂದೇ ಇಟ್ಟುಕೊಂಡರೂ ಬಟ್ಟೆಗೆ ಬಿಸಿನೀರು ಎಲ್ಲಿಂದ ಬಂತು? ಕಡ್ಡಿಪೆಟ್ಟಿಗೆ ಒಣಗಿ, ಪಕ್ಕದ ಕರ್ಚೀಫು ನೆನೆಯುವುದು ಹೇಗೆ? ಇನ್ನು ಆ ದನಿ. ಬಿಸಿಗೆ ತಲೆ ಸುತ್ತಿ ಏನೋ ಕೇಳಿಸಿರಬೇಕು ಎಂದುಕೊಂಡೆ. ಮನಸ್ಸಿನಲ್ಲಿ ಇದ್ದದ್ದೇ ಕಿವಿಗೆ ಬಿದ್ದಿರಬೇಕು ಎಂದೂ ಅಂದುಕೊಂಡೆ. ಊರ ಕಾಲುವೆಯ ದಂಡೆಯ ಮೇಲೆ ಗೆಳತಿಯನ್ನು ನಿಲ್ಲಿಸಿ, ಹೆಸರು ಕೂಗು ಎಂದು ಹೇಳಿ ನೀರಿನಲ್ಲಿ ಮುಳುಗಿದೆ. ಗುಜುಗುಜು ಎಂದಿತೇ ಹೊರತು ಒಂದಕ್ಷರ ತಿಳಿಯಲಿಲ್ಲ. ಅಲ್ಲಿ ಕೇಳಿದ್ದು ಹಾಗಿರಲಿಲ್ಲ. ಆ ದನಿ ನೀರಿನ ಹೊರಗಿನದಲ್ಲ.

ಗಂಡಸಿನ ದನಿಯೋ ಹೆಂಗಸಿನ ದನಿಯೋ ಎಂದು ನೀವು ಕೇಳಬಹುದು. ಕೇಳಿದ ಕ್ಷಣದಲ್ಲಿ ಅವರದೇ ಎಂದುಕೊಂಡಿದ್ದರಿಂದ ನಾನು ಅದನ್ನು ಗಮನಿಸಲಿಲ್ಲ. ಈಗ ನೆನಪು ಮಾಡಿಕೊಂಡರೆ ಒಂದು ದಿನ ಹಾಗೆ ಕೇಳಿಸುತ್ತದೆ, ಇನ್ನೊಂದು ದಿನ ಹೀಗೆ. ಒಂದು ಮಾತ್ರ ಖಾತ್ರಿ. ಅದರಲ್ಲಿ ಹಗೆ ಇರಲಿಲ್ಲ. ಇದ್ದಿದ್ದರೆ ಎಷ್ಟು ಛಲೋ ಆಗುತ್ತಿತ್ತು, ಜಗಳಕ್ಕಾದರೂ ನಿಲ್ಲಬಹುದಿತ್ತು.

ಕಾಲುಂಗುರವನ್ನೂ ತಗಡನ್ನೂ ವಿಭೂತಿ ಹಚ್ಚಿ ತಿಕ್ಕಿದೆ. ಎರಡೂ ಬೆಳ್ಳಗಾದವು. ತಗಡು ಮತ್ತೆ ನನ್ನ ಕೊರಳಿಗೆ ಬಂತು. ಅತ್ತೆಯವರ ಮೊಣಕಾಲು ಆ ಛಳಿಗಾಲವೆಲ್ಲ ಹಗುರಾಗಿತ್ತು. ಬಿಸಿನೀರಿನ ಶಾಖದಿಂದ ಎಂದು ನಾನು, ಅವಳಿಂದ ಎಂದು ಅವರು.

ನಮ್ಮವರು ಮಾತ್ರ ಬದಲಾದರು. ಘಟ್ಟದ ಮೇಲೆ ನಾನು ಕೇಳಿದ್ದು ಅವರ ಮನಸ್ಸಿಗೆ ನಾಟಿರಬೇಕು. ಒಂದು ದಿನ ಅಂಗಡಿಯಿಂದ ಬಂದವರೇ ಚಪ್ಪಲಿ ಬಿಡುತ್ತ, ಪಡಸಾಲೆಯಿಂದ, ನನ್ನ ಹೆಸರು ಹಿಡಿದು ಕರೆದರು. ಅತ್ತೆಯವರ ಎದುರಿಗೇ. ತಪ್ಪಲಿಲ್ಲ, ತಡವರಿಸಲಿಲ್ಲ. ಅವತ್ತಿನಿಂದ ಹಾಗೆಯೇ ಕರೆಯುತ್ತಾರೆ. ಅಷ್ಟು ವರ್ಷ ಯಾವುದಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದೆನೋ ಅದು ನನಗೆ ಸಿಕ್ಕಿತು. ಆದರೆ ಆ ಮನೆಗೆ ಸೇರಿದವರಲ್ಲಿ ನನ್ನ ಹೆಸರನ್ನು ಮೊದಲು ಕರೆದವರು ಅವರಲ್ಲ ಎಂಬುದು ನನ್ನ ತಲೆಯಿಂದ ಹೋಗುವುದಿಲ್ಲ. ಸೀರೆಯಂತೆ, ಹಬ್ಬದ ಎಡೆಯಂತೆ, ಇದರಲ್ಲೂ ಅವಳೇ ಮೊದಲು.

ಈ ಬರಹದಲ್ಲಿ ನಾನು ನನ್ನ ಹೆಸರು ಬರೆದಿಲ್ಲ. ಬರೆದರೆ ನೀವೂ ಮನಸ್ಸಿನಲ್ಲಿ ಒಮ್ಮೆ ಓದಿಕೊಳ್ಳುತ್ತೀರಿ, ಅದು ಯಾವ ದನಿಯಲ್ಲಿ ಕೇಳಿಸುತ್ತದೋ ನನಗೆ ಗೊತ್ತಿಲ್ಲ. ಈಗಲೂ ಸಂಜೆ ಪಡಸಾಲೆಯಿಂದ ಹೆಸರು ಕೇಳಿಸಿದರೆ ನಾನು ತಟ್ಟನೆ ಓ ಎನ್ನುವುದಿಲ್ಲ. ಮೊದಲು ಕೊರಳಿಗೆ ಕೈ ಹಾಕಿ, ಆ ತಗಡು ಬೆಚ್ಚಗಿದೆಯೋ ಏನೋ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ.